ಪೆಂಗ್ವಿನ್ ಹುಡುಗಿಯರು ಕಲಿಸಿದ ಪಾಠ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮ್ಮಂಥವರಿಗೆ ಚಿಲಿ ಎಂದರೆ ಒಂದು ಅಂಕದ ಎರಡು ಮೂರು ಪ್ರಶ್ನೆಗಳು, ಅಷ್ಟೇ. ಜಗತ್ತಿನಲ್ಲಿ ಅತಿ ಹೆಚ್ಚು ತಾಮ್ರ ತೆಗೆಯುವ ದೇಶ ಯಾವುದು? ಅಟಕಾಮಾ ಮರುಭೂಮಿ ಎಲ್ಲಿದೆ? ದಕ್ಷಿಣ ಅಮೆರಿಕದ ಪಶ್ಚಿಮ ಅಂಚಿಗೆ ಉದ್ದಕ್ಕೆ ಅಂಟಿಕೊಂಡಿರುವ ದೇಶ ಯಾವುದು? ಉತ್ತರಕ್ಕೆ ಟಿಕ್ ಹಾಕಿ ಮುಂದಕ್ಕೆ ಹೋಗುತ್ತೇವೆ.

ಪ್ರಚಲಿತ ಘಟನೆಗಳ ನೋಟ್ಸ್ ಮಾಡಿಕೊಳ್ಳುವಾಗ ಅದೇ ಚಿಲಿಯ ಒಂದು ಸುದ್ದಿ ನನ್ನನ್ನು ಹಿಡಿದು ನಿಲ್ಲಿಸಿತು. 2022ರ ಮಾರ್ಚ್ 11ರಂದು ಅಲ್ಲಿ ಹೊಸ ಸರ್ಕಾರ ಬಂತು. ಅಧ್ಯಕ್ಷ ಗೇಬ್ರಿಯಲ್ ಬೋರಿಕ್‌ಗೆ 36 ವರ್ಷ. ಸರ್ಕಾರದ ವಕ್ತಾರೆಯಾಗಿ ಸಚಿವ ಸ್ಥಾನಕ್ಕೆ ಬಂದ ಕಮಿಲಾ ವಯೆಹೊಗೆ 33. ಸಂಪುಟದ 24 ಸಚಿವರಲ್ಲಿ 14 ಮಂದಿ ಮಹಿಳೆಯರು. ಬೋರಿಕ್, ಕಮಿಲಾ ಇಬ್ಬರೂ ಹತ್ತು ವರ್ಷಗಳ ಹಿಂದೆ ಒಂದೇ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘವನ್ನು ಒಬ್ಬರ ನಂತರ ಒಬ್ಬರು ಮುನ್ನಡೆಸಿದವರು. ಶಿಕ್ಷಣ ಮಾರುವ ಸರಕಲ್ಲ ಎಂದು ಬೀದಿಯಲ್ಲಿ ನಿಂತವರು.

ಫೀಸಿನ ಜಗಳದಿಂದ ಸಚಿವ ಸಂಪುಟದವರೆಗಿನ ಈ ದಾರಿ ಹೇಗೆ ಶುರುವಾಯಿತು ಎಂದು ಹುಡುಕುತ್ತಾ ಹೋದೆ. ಆ ದಾರಿಯ ಉದ್ದಕ್ಕೂ ಮುಂದಿನ ಸಾಲಿನಲ್ಲಿ ಹುಡುಗಿಯರು ಸಿಗುತ್ತಾ ಹೋದರು.

ಹೊರಡುವ ಹಿಂದಿನ ದಿನದ ಕಾನೂನು

ಚಿಲಿಯಲ್ಲಿ 1973ರಲ್ಲಿ ಸೇನಾ ದಂಗೆ ನಡೆಯಿತು. ಜನರಲ್ ಆಗಸ್ಟೊ ಪಿನೊಚೆ 1990ರವರೆಗೆ ಸರ್ವಾಧಿಕಾರಿಯಾಗಿ ಆಳಿದ. 1980ರ ದಶಕದ ಆರಂಭದಲ್ಲಿ ಅವನ ಸರ್ಕಾರ ಸರ್ಕಾರಿ ಶಾಲೆಗಳನ್ನು ಶಿಕ್ಷಣ ಇಲಾಖೆಯಿಂದ ತೆಗೆದು ಆಯಾ ಊರಿನ ಪುರಸಭೆಗಳಿಗೆ ಒಪ್ಪಿಸಿತು. ಉಳ್ಳವರ ಊರಿನ ಪುರಸಭೆ ತನ್ನ ಶಾಲೆಯನ್ನು ಚೆನ್ನಾಗಿ ನೋಡಿಕೊಂಡಿತು. ಬಡವರ ಊರಿನ ಪುರಸಭೆಗೆ ಮಾಡು ರಿಪೇರಿಗೂ ದುಡ್ಡಿರಲಿಲ್ಲ.

ಇದರ ಜೊತೆಗೆ ವೋಚರ್ ಪದ್ಧತಿ ಬಂತು. ಮಗು ಯಾವ ಶಾಲೆಗೆ ಹಾಜರಾಗುತ್ತದೋ ಆ ಶಾಲೆಗೆ ಸರ್ಕಾರದ ಹಣ ಹೋಗುತ್ತದೆ. ಆ ಶಾಲೆ ಖಾಸಗಿಯದ್ದಾದರೂ ಸರಿ, ಲಾಭಕ್ಕೆಂದೇ ತೆರೆದದ್ದಾದರೂ ಸರಿ. ನಂತರ ಅಂಥ ಶಾಲೆಗಳು ಪೋಷಕರಿಂದಲೂ ಫೀಸು ತೆಗೆದುಕೊಳ್ಳಬಹುದು ಎಂದಾಯಿತು. ಕೊಡಬಲ್ಲವರು ಸರ್ಕಾರಿ ಶಾಲೆ ಬಿಟ್ಟು ಹೋದರು, ಕೊಡಲಾರದವರು ಉಳಿದರು. 2011ರ ಹೊತ್ತಿಗೆ ಪುರಸಭೆ ಶಾಲೆಗಳಲ್ಲಿ ಉಳಿದಿದ್ದ ಮಕ್ಕಳು ಅರ್ಧಕ್ಕಿಂತ ಕಡಿಮೆ.

ಈ ವ್ಯವಸ್ಥೆಗೆ ಬೀಗ ಜಡಿದದ್ದು ‘ಲೋಸೆ’ ಎಂಬ ಶಿಕ್ಷಣ ಕಾನೂನು. ಅದು ಪ್ರಕಟವಾದದ್ದು 1990ರ ಮಾರ್ಚ್ 10ರಂದು. ಪಿನೊಚೆ ಕುರ್ಚಿ ಬಿಟ್ಟದ್ದು ಮಾರ್ಚ್ 11ಕ್ಕೆ! ಪ್ರಜಾಪ್ರಭುತ್ವ ಬಂದ ಮೇಲೂ ಹದಿನಾರು ವರ್ಷ ಆ ಕಾನೂನನ್ನು ಯಾರೂ ಕಿತ್ತು ಹಾಕಲಿಲ್ಲ. ಅದನ್ನು ಓದಿ, ನಮ್ಮ ಶಾಲೆಯ ಮಾಡು ಸೋರುವುದಕ್ಕೆ ಇದೇ ಕಾರಣ ಎಂದು ಬೆರಳಿಟ್ಟು ತೋರಿಸಿದವರು ಹೈಸ್ಕೂಲು ಮಕ್ಕಳು.

ಬಸ್ ಪಾಸಿನಿಂದ ಶುರುವಾದದ್ದು

2006ರ ಏಪ್ರಿಲ್. ದಕ್ಷಿಣದ ಲೋಟಾ ಎಂಬ ಹಳೆಯ ಕಲ್ಲಿದ್ದಲು ಗಣಿಯ ಊರಿನಲ್ಲಿ ಮಳೆ ಬಂದರೆ ಶಾಲೆಯೊಳಗೆ ನೀರು ನಿಲ್ಲುತ್ತಿತ್ತು. ಗಣಿ ಮುಚ್ಚಿ ಆಗಲೇ ಒಂಬತ್ತು ವರ್ಷ, ಊರಿನ ಕೈಯಲ್ಲಿ ಕಾಸಿಲ್ಲ. ಅಲ್ಲಿನ ಮಕ್ಕಳು ಬೀದಿಗೆ ಬಂದರು. ಆ ವರ್ಷ ತಾಮ್ರದ ಬೆಲೆ ಗಗನಕ್ಕೇರಿ ಸರ್ಕಾರದ ಖಜಾನೆ ತುಂಬಿತ್ತು. ತಾಮ್ರ ಆಕಾಶದಲ್ಲಿದೆ, ಶಿಕ್ಷಣ ನೆಲದಲ್ಲಿದೆ ಎಂಬರ್ಥದ ಘೋಷಣೆ ಹುಟ್ಟಿತು.

ರಾಜಧಾನಿ ಸ್ಯಾಂಟಿಯಾಗೊದಲ್ಲಿ ಸಿಟ್ಟಿಗೆ ಇನ್ನೂ ಎರಡು ಕಾರಣ ಸೇರಿದವು. ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆಯ ಶುಲ್ಕ 28 ಸಾವಿರ ಪೆಸೊಗೆ ಏರಿತ್ತು. ವಿದ್ಯಾರ್ಥಿ ಬಸ್ ಪಾಸಿನಲ್ಲಿ ದಿನಕ್ಕೆ ಎರಡೇ ಪ್ರಯಾಣ ಎಂಬ ಮಿತಿಯ ಸುದ್ದಿ ಹಬ್ಬಿತ್ತು. ಅರ್ಜಿ ಶುಲ್ಕ ಮತ್ತು ಬಸ್ ಪಾಸು! ತಿಂಗಳಿಗೆ ಎರಡು ಮೂರು ಹುದ್ದೆಗೆ ಅರ್ಜಿ ಹಾಕಿ, ಪ್ರತಿ ಸಲವೂ ಶುಲ್ಕ ಕಟ್ಟುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಕಡು ನೀಲಿ ಕೋಟು, ಬಿಳಿ ಅಂಗಿಯ ಸಮವಸ್ತ್ರದಿಂದಾಗಿ ಅಲ್ಲಿ ಶಾಲಾ ಮಕ್ಕಳಿಗೆ ‘ಪೆಂಗ್ವಿನ್‌ಗಳು’ ಎಂದು ಅಡ್ಡಹೆಸರು. ಚಳವಳಿಗೂ ಪೆಂಗ್ವಿನ್ ಕ್ರಾಂತಿ ಎಂಬ ಹೆಸರೇ ನಿಂತಿತು. ಮೊದಲು ಮೆರವಣಿಗೆ ಮಾಡಿದರು. ಪತ್ರಿಕೆ, ಟಿ.ವಿ.ಗಳಲ್ಲಿ ಬರೀ ಕಲ್ಲು ತೂರಾಟದ ಚಿತ್ರ ಬಂತು. ಆಗ ಮಕ್ಕಳು ದಾರಿ ಬದಲಿಸಿದರು. ಮೇ ತಿಂಗಳಲ್ಲಿ ಒಂದೊಂದಾಗಿ ಶಾಲೆಗಳೊಳಗೇ ಕೂತುಬಿಟ್ಟರು. ಬೆಂಚು, ಕುರ್ಚಿಗಳನ್ನು ಗೇಟಿಗೆ ಪೇರಿಸಿದರು. ಮೇ 30ರ ಮುಷ್ಕರದಲ್ಲಿ ದೇಶದಾದ್ಯಂತ ಆರು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿದ್ದರು.

ಅವರ ಪರವಾಗಿ ಟಿ.ವಿ. ಕ್ಯಾಮೆರಾಗಳ ಮುಂದೆ ಮಾತಾಡಿದ ಪ್ರಮುಖ ವಕ್ತಾರರಲ್ಲಿ ಕರೀನಾ ದೆಲ್ಫೀನೊ ಮತ್ತು ಮರಿಯಾ ಹೆಸೂಸ್ ಸಾನ್ವೇಸಾ ಎಂಬ ಇಬ್ಬರು ಹುಡುಗಿಯರಿದ್ದರು. ಇಬ್ಬರೂ ಬಂದದ್ದು ಸರ್ಕಾರಿ ಬಾಲಕಿಯರ ಶಾಲೆಗಳಿಂದ. ಕರೀನಾ ಓದುತ್ತಿದ್ದ ‘ಲಿಸಿಯೊ ನಂ. 1’ರಲ್ಲೇ, ಆಗಷ್ಟೇ ದೇಶದ ಮೊದಲ ಮಹಿಳಾ ಅಧ್ಯಕ್ಷೆಯಾಗಿದ್ದ ಮಿಶೆಲ್ ಬಾಚೆಲೆಟ್ ಕೂಡ ಓದಿದ್ದರು. ಅಂದರೆ ಒಂದೇ ಶಾಲೆಯ ಹಳೆಯ ವಿದ್ಯಾರ್ಥಿನಿ ಅಧಿಕಾರದಲ್ಲಿ, ಹೊಸ ವಿದ್ಯಾರ್ಥಿನಿ ಅವರ ಎದುರಿಗೆ.

ಬಾಲಕಿಯರ ಶಾಲೆ ಎಂಬ ವಿವರವನ್ನು ನಾನು ಎರಡೆರಡು ಸಲ ಓದಿದೆ. ಹುಡುಗಿಯರೇ ಇರುವ ಶಾಲೆಯಲ್ಲಿ ವಿದ್ಯಾರ್ಥಿ ಸಂಘದ ಅಧ್ಯಕ್ಷೆ ಹುಡುಗಿ, ಲೆಕ್ಕ ಇಡುವವಳು ಹುಡುಗಿ, ಮೈಕ್ ಹಿಡಿಯುವವಳೂ ಹುಡುಗಿ. ‘ಸರ್ ಹತ್ತಿರ ಮಾತಾಡೋಕೆ ಹುಡುಗರು ಹೋಗಲಿ’ ಎನ್ನಲು ಅಲ್ಲಿ ಹುಡುಗರೇ ಇಲ್ಲ. ನಮ್ಮ ಕಾಲೇಜಿನಲ್ಲಿ ಬೆಳಗಿನ ಬಸ್ಸು ತಡವಾಗಿ ಮೊದಲ ಪಿರಿಯಡ್ ತಪ್ಪುತ್ತಿದ್ದಾಗ ಮನವಿ ಬರೆದವರು, ಹಳ್ಳಿ ಹಳ್ಳಿಯ ಹೆಸರು ಹಿಡಿದು ಸಹಿ ಸಂಗ್ರಹಿಸಿದವರು ನಾವು ಆರು ಜನ ಹುಡುಗಿಯರು. ಡಿಪೊ ಮ್ಯಾನೇಜರ್ ಮುಂದೆ ನಿಂತು ಮಾತಾಡಿದ್ದು ಸಹಿಯನ್ನಷ್ಟೇ ಹಾಕಿದ್ದ ಇಬ್ಬರು ಹುಡುಗರು. ಎಷ್ಟು ಹಳ್ಳಿ, ಎಷ್ಟು ಮಕ್ಕಳು ಎಂದು ಅವರು ಕೇಳಿದಾಗ ಆ ಇಬ್ಬರೂ ತಿರುಗಿ ನಮ್ಮ ಮುಖ ನೋಡಿದರು. ಕೆಲಸ ಗೊತ್ತಿರುವವರೇ ಮಾತಾಡಬೇಕು ಎಂಬುದು ಎಷ್ಟು ಸರಳ ಸಂಗತಿ! ಆದರೂ ಅದಕ್ಕೆ ಅಭ್ಯಾಸ ಬೇಕು. ಚಿಲಿಯ ಆ ಹುಡುಗಿಯರಿಗೆ ಆ ಅಭ್ಯಾಸವನ್ನು ಕೊಟ್ಟದ್ದು ಅವರ ಶಾಲೆ.

ಇನ್ನೊಂದು ವಿಷಯವೂ ಇತ್ತು. ಅವರು ತಮ್ಮನ್ನು ನಾಯಕರು ಎಂದು ಕರೆದುಕೊಳ್ಳಲಿಲ್ಲ, ವಕ್ತಾರರು ಎಂದರು. ತೀರ್ಮಾನ ಶಾಲಾ ಪ್ರತಿನಿಧಿಗಳ ಸಭೆಯದ್ದು, ಅದನ್ನು ಹೊರಗೆ ಹೇಳುವುದಷ್ಟೇ ವಕ್ತಾರರ ಕೆಲಸ. ಒಬ್ಬರನ್ನು ಕರೆದು ಓಲೈಸಿದರೆ, ಇಲ್ಲವೇ ಹೆದರಿಸಿದರೆ ಚಳವಳಿ ಮುಗಿಯಿತು ಎನ್ನುವಂತಿರಲಿಲ್ಲ.

ಜೂನ್ 1ರಂದು ಅಧ್ಯಕ್ಷೆ ಬಾಚೆಲೆಟ್ ಟಿ.ವಿ.ಯಲ್ಲಿ ದೇಶವನ್ನುದ್ದೇಶಿಸಿ ಮಾತಾಡಿದರು. ಬಡ ಮಕ್ಕಳಿಗೆ ಉಚಿತ ಬಸ್ ಪಾಸು, ಪರೀಕ್ಷಾ ಶುಲ್ಕದಲ್ಲಿ ವಿನಾಯಿತಿ, ಹೆಚ್ಚು ಮಕ್ಕಳಿಗೆ ಮಧ್ಯಾಹ್ನದ ಊಟ, ಶಾಲೆ ರಿಪೇರಿಗೆ ಹಣ, ಕಾನೂನು ಪರಿಶೀಲಿಸಲು ಒಂದು ಸಲಹಾ ಮಂಡಳಿ ಎಂದರು. ಮುಂದಿನ ತಿಂಗಳು ಶಿಕ್ಷಣ ಸಚಿವರೂ ಬದಲಾದರು. 2009ರಲ್ಲಿ ‘ಲೋಸೆ’ ಹೋಗಿ ಹೊಸ ಕಾನೂನು ಬಂತು. ಆದರೆ ಲಾಭದ ಬಾಗಿಲು ಅದರಲ್ಲೂ ತೆರೆದೇ ಇತ್ತು. ಆಡಳಿತ ಪಕ್ಷ, ವಿರೋಧ ಪಕ್ಷಗಳ ನಾಯಕರು ಒಟ್ಟಿಗೆ ಕೈ ಎತ್ತಿ ಹಿಡಿದು ಫೋಟೊ ತೆಗೆಸಿಕೊಂಡರು. ಮಕ್ಕಳಿಗೆ ಮೋಸ ಹೋದ ಅನುಭವವಾಯಿತು. ಸಲಹಾ ಮಂಡಳಿಯಲ್ಲಿ ಕುರ್ಚಿ ಸಿಗುವುದು ಬೇರೆ, ಮಾತು ನಡೆಯುವುದು ಬೇರೆ ಎಂದು ಆ ಪೀಳಿಗೆ ಹದಿನೇಳನೇ ವಯಸ್ಸಿಗೇ ಕಲಿತಿತು.

1,800 ಗಂಟೆಗಳ ಓಟ

ಐದು ವರ್ಷ ಕಳೆಯಿತು. ಪೆಂಗ್ವಿನ್‌ಗಳು ಬೆಳೆದು ವಿಶ್ವವಿದ್ಯಾಲಯ ಸೇರಿದ್ದರು. ಅಲ್ಲಿ ಅವರಿಗಾಗಿ ಕಾದಿದ್ದದ್ದು ಬ್ಯಾಂಕ್ ಸಾಲ. ಸರ್ಕಾರದ ಜಾಮೀನಿನ ಮೇಲೆ ಬ್ಯಾಂಕುಗಳು ಕೊಡುತ್ತಿದ್ದ ಶಿಕ್ಷಣ ಸಾಲಕ್ಕೆ ಬಡ್ಡಿ ಸುಮಾರು ಶೇ 6. ಓದು ಮುಗಿಸಿ ಕೆಲಸ ಹುಡುಕುವ ಹೊತ್ತಿಗೆ ಸಾಲದ ಕಂತು ಬಾಗಿಲಲ್ಲಿ ನಿಂತಿರುತ್ತಿತ್ತು.

1906ರಲ್ಲಿ ಹುಟ್ಟಿದ ಚಿಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಒಕ್ಕೂಟಕ್ಕೆ ಅಷ್ಟು ವರ್ಷಗಳಲ್ಲಿ ಒಬ್ಬಳೇ ಒಬ್ಬ ಮಹಿಳೆ ಅಧ್ಯಕ್ಷೆಯಾಗಿದ್ದಳು. 2010ರ ನವೆಂಬರ್‌ನಲ್ಲಿ ಎರಡನೆಯವಳಾಗಿ ಗೆದ್ದವಳು ಭೂಗೋಳಶಾಸ್ತ್ರ ಓದುತ್ತಿದ್ದ 22 ವರ್ಷದ ಕಮಿಲಾ ವಯೆಹೊ. 2011ರ ಜೂನ್ ಬರುವಷ್ಟರಲ್ಲಿ ಸ್ಯಾಂಟಿಯಾಗೊದ ಬೀದಿಗಳಲ್ಲಿ ಒಂದೊಂದು ಮೆರವಣಿಗೆಗೂ ಲಕ್ಷದ ಲೆಕ್ಕದಲ್ಲಿ ಜನ ಸೇರುತ್ತಿದ್ದರು.

ಆ ವರ್ಷದ ಪ್ರತಿಭಟನೆಗಳ ಬಗೆ ಓದಿದರೆ ನಮಗೂ ಹುರುಪು ಬರುತ್ತದೆ. ಅಧ್ಯಕ್ಷರ ಅರಮನೆ ಲಾ ಮೊನೇದಾದ ಮುಂದೆ ಸಾವಿರಾರು ಹುಡುಗ ಹುಡುಗಿಯರು ಹೆಣದ ವೇಷ ಹಾಕಿ ಮೈಕಲ್ ಜಾಕ್ಸನ್‌ನ ‘ಥ್ರಿಲ್ಲರ್’ ಹಾಡಿಗೆ ಕುಣಿದರು. ಅದೇ ಅರಮನೆಯ ಸುತ್ತ ಹಗಲು ರಾತ್ರಿ ಸರದಿಯಲ್ಲಿ 1,800 ಗಂಟೆ ಓಡಿದರು. ಅಂದರೆ 75 ದಿನ! ಮೂರು ಲಕ್ಷ ವಿದ್ಯಾರ್ಥಿಗಳನ್ನು ಉಚಿತವಾಗಿ ಓದಿಸಲು ವರ್ಷಕ್ಕೆ ಬೇಕಾಗುವುದು 180 ಕೋಟಿ ಡಾಲರ್, ಅಂದರೆ 1,800 ಮಿಲಿಯನ್ ಎಂಬುದು ಅವರ ಲೆಕ್ಕ. ಆ ಲೆಕ್ಕ ಜನರ ಬಾಯಿಗೆ ಬರಲಿ ಎಂದೇ ಅಷ್ಟು ಗಂಟೆ ಓಡಿದರು. ಬಜೆಟ್ ಅಂಕಿಯೊಂದನ್ನು ಊರಿನ ಮಾತಾಗಿಸುವ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಕಂಡಿಲ್ಲ.

ಜುಲೈನಲ್ಲಿ ಅಧ್ಯಕ್ಷ ಸೆಬಾಸ್ಟಿಯನ್ ಪಿನ್ಯೇರಾ ಸಮಾರಂಭವೊಂದರಲ್ಲಿ ಶಿಕ್ಷಣವನ್ನು ಬಳಕೆಯ ಸರಕು ಎಂದರು. ಬೆಂಕಿಗೆ ತುಪ್ಪ ಬಿತ್ತು. ಆಗಸ್ಟ್ 4ರ ಮೆರವಣಿಗೆಗೆ ಸರ್ಕಾರ ಅನುಮತಿ ಕೊಡಲಿಲ್ಲ, ವಿದ್ಯಾರ್ಥಿಗಳು ಆದರೂ ಬಂದರು. ಒಂದೇ ದಿನ 874 ಮಂದಿಯ ಬಂಧನವಾಯಿತು. ಆ ರಾತ್ರಿ ಮನೆ ಮನೆಯ ಕಿಟಕಿಗಳಿಂದ ಪಾತ್ರೆ ಬಡಿಯುವ ಸದ್ದು ಕೇಳಿತು. ಸರ್ವಾಧಿಕಾರದ ಕಾಲದಲ್ಲಿ ಬಾಯಿ ತೆರೆಯಲಾಗದ ಜನ ಹೀಗೇ ಪಾತ್ರೆ ಬಡಿಯುತ್ತಿದ್ದರು. ಮಕ್ಕಳ ಮೇಲೆ ಲಾಠಿ, ಜಲಫಿರಂಗಿ ಬಿದ್ದದ್ದನ್ನು ಕಂಡ ಅಮ್ಮಂದಿರು, ಅಜ್ಜಿಯರು ಸೌಟು ಹಿಡಿದು ಚಳವಳಿಗೆ ಸೇರಿದ ರಾತ್ರಿ ಅದು. ಮರುದಿನ ವಿದ್ಯಾರ್ಥಿಗಳು ತಮ್ಮ ಮೇಲೆ ಸಿಡಿಸಿದ್ದ ಅಶ್ರುವಾಯು ಶೆಲ್‌ಗಳನ್ನು ಆಯ್ದು ತಂದು ನೆಲದ ಮೇಲೆ ಶಾಂತಿಯ ಚಿಹ್ನೆ ಜೋಡಿಸಿದರು.

ಎಲ್ಲವೂ ಹಾಡು, ಕುಣಿತವಾಗಿರಲಿಲ್ಲ. ಆಗಸ್ಟ್ ಕೊನೆಯ ಮುಷ್ಕರದ ರಾತ್ರಿ 16 ವರ್ಷದ ಹುಡುಗನೊಬ್ಬ ಪೊಲೀಸ್ ಗುಂಡಿಗೆ ಬಲಿಯಾದ. ತಿಂಗಳುಗಟ್ಟಲೆ ತರಗತಿ ನಡೆಯದೆ ಸಾವಿರಾರು ಮಕ್ಕಳು ಅದೇ ತರಗತಿಯಲ್ಲಿ ಮತ್ತೊಂದು ವರ್ಷ ಕೂರಬೇಕಾಯಿತು. ಒಂದು ವರ್ಷ ಎಂದರೆ ಬಡ ಮನೆಯ ಹುಡುಗಿಗೆ ಎಷ್ಟು ದೊಡ್ಡದು ಎಂದು ನಮಗೆ ಗೊತ್ತು. ಹೋರಾಟದ ಕತೆ ಹೇಳುವಾಗ ಈ ಬೆಲೆಯನ್ನೂ ಹೇಳಬೇಕು.

ಅಂದದ ಮಾತೇ ಎಲ್ಲ!

ಕಮಿಲಾ ಸಚಿವರ ಎದುರು ಕೂತು ಅಂಕಿ ಅಂಶ ಇಟ್ಟು ವಾದಿಸುತ್ತಿದ್ದಳು. ಮಾಧ್ಯಮಗಳು ಮಾತ್ರ ಅವಳ ಕಣ್ಣು, ಕೂದಲು, ಮೂಗುತಿಯ ಬಗ್ಗೆ ಬರೆದವು. ಅಮೆರಿಕದ ದೊಡ್ಡ ಪತ್ರಿಕೆಯೊಂದು 2012ರಲ್ಲಿ ಅವಳ ಮೇಲೆ ಬರೆದ ಲೇಖನಕ್ಕೆ ಕೊಟ್ಟ ತಲೆಬರಹ ‘ಜಗತ್ತಿನ ಅತ್ಯಂತ ಗ್ಲಾಮರಸ್ ಕ್ರಾಂತಿಕಾರಿ’ ಎಂದು. ಅವಳ ಜೊತೆಯಲ್ಲೇ ಹೋರಾಡಿದ ಹುಡುಗರ ಗಡ್ಡ ಹೇಗಿತ್ತು ಎಂದು ತಲೆಬರಹ ಮಾಡಿದ್ದನ್ನು ನಾನೆಲ್ಲೂ ನೋಡಲಿಲ್ಲ.

ಹೊಗಳಿಕೆ ಒಂದು ಕಡೆ, ಬೆದರಿಕೆ ಇನ್ನೊಂದು ಕಡೆ. ಸಂಸ್ಕೃತಿ ಇಲಾಖೆಯ ಅಧಿಕಾರಿಯೊಬ್ಬರು, ಅವರೂ ಮಹಿಳೆ, ಕಮಿಲಾಳನ್ನು ಹೆಣ್ಣುನಾಯಿಗೆ ಹೋಲಿಸಿ ಕೊಂದರೆ ಎಲ್ಲ ಮುಗಿಯುತ್ತದೆ ಎಂಬರ್ಥದಲ್ಲಿ ಟ್ವೀಟ್ ಮಾಡಿ ಕೆಲಸ ಕಳೆದುಕೊಂಡರು. ಕಮಿಲಾಗೆ ಪೊಲೀಸ್ ರಕ್ಷಣೆ ಕೊಡುವಂತೆ ನ್ಯಾಯಾಲಯ ಹೇಳಬೇಕಾಯಿತು. ಇಂಥದ್ದರ ನಡುವೆ 2011ರ ಡಿಸೆಂಬರ್‌ನ ಒಕ್ಕೂಟದ ಚುನಾವಣೆಯಲ್ಲಿ ಅವಳು ಬೋರಿಕ್ ಎದುರು ಸೋತಳು. ಸೋತವಳು ಮನೆಗೆ ಹೋಗಲಿಲ್ಲ, ಅದೇ ಒಕ್ಕೂಟದ ಉಪಾಧ್ಯಕ್ಷೆಯಾಗಿ ಕೆಲಸ ಮಾಡಿದಳು. ನನಗೆ ಅವಳ ಬಗ್ಗೆ ಅತಿ ಹೆಚ್ಚು ಗೌರವ ಬಂದದ್ದು ಇಲ್ಲಿ.

ಅವಳ ನಂತರ ಜಾಗ ಖಾಲಿ ಬೀಳಲಿಲ್ಲ. 2012ರಲ್ಲಿ ಶಾಲಾ ವಿದ್ಯಾರ್ಥಿಗಳ ವಕ್ತಾರೆಯಾಗಿ ಎಲೊಯಿಸಾ ಗೊನ್ಸಾಲೆಸ್ ಬಂದಳು. ಚಿಲಿ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದುತ್ತಿದ್ದ ಮೆಲಿಸಾ ಸೆಪೂಲ್ವೆದಾ 2013ರಲ್ಲಿ ಗೆದ್ದಳು. ಅವಳ ಬೆನ್ನಿಗೆ ವ್ಯಾಲೆಂಟಿನಾ ಸಾವೇದ್ರಾ, ನಂತರ ಕಮಿಲಾ ರೋಹಾಸ್. ನೂರು ವರ್ಷಗಳಲ್ಲಿ ಒಬ್ಬಳೇ ಅಧ್ಯಕ್ಷೆಯನ್ನು ಕಂಡಿದ್ದ ಒಕ್ಕೂಟದಲ್ಲಿ ಸತತ ಮೂರು ಬಾರಿ ಯುವತಿಯರು! 2019ರಲ್ಲಿ ಅದೇ ಹುದ್ದೆಗೆ ಬಂದ ಎಮಿಲಿಯಾ ಷ್ನೈಡರ್ ಮುಂದೆ ಚಿಲಿ ಸಂಸತ್ತಿಗೆ ಆಯ್ಕೆಯಾದ ಮೊದಲ ಲಿಂಗತ್ವ ಅಲ್ಪಸಂಖ್ಯಾತ ಸದಸ್ಯೆಯಾದರು.

ಕ್ಯಾಂಪಸ್ಸಿನೊಳಗಿನ ಪ್ರಶ್ನೆ

ಹೆಣ್ಣುಮಕ್ಕಳು ವೇದಿಕೆ ಏರಿದ್ದರಿಂದ ಕ್ಯಾಂಪಸ್ ತಾನಾಗಿಯೇ ಬದಲಾಗಲಿಲ್ಲ. 2018ರ ಏಪ್ರಿಲ್‌ನಲ್ಲಿ ದಕ್ಷಿಣದ ವಾಲ್ದಿವಿಯಾ ನಗರದ ಆಸ್ಟ್ರಲ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿನಿಯರು ಕಟ್ಟಡ ಹಿಡಿದು ಕೂತರು. ಲೈಂಗಿಕ ಕಿರುಕುಳದ ದೂರುಗಳು ಕಡತದಲ್ಲೇ ಕೊಳೆಯುತ್ತಿವೆ ಎಂಬುದು ಅವರ ಸಿಟ್ಟು. ಕೆಲವೇ ದಿನಗಳಲ್ಲಿ ಚಿಲಿ ವಿಶ್ವವಿದ್ಯಾಲಯದ ಕಾನೂನು ವಿಭಾಗ, ಮೇ ತಿಂಗಳಲ್ಲಿ ಪ್ರತಿಷ್ಠಿತ ಕ್ಯಾಥೊಲಿಕ್ ವಿಶ್ವವಿದ್ಯಾಲಯ ಕೂಡ ವಿದ್ಯಾರ್ಥಿನಿಯರ ಕೈಗೆ ಬಂದವು. ಚಿಲಿಯಲ್ಲಿ ಇದನ್ನು ‘ಸ್ತ್ರೀವಾದಿ ಮೇ’ ಎನ್ನುತ್ತಾರೆ.

ಬೇಡಿಕೆ ಈಗ ಇನ್ನೂ ಆಳಕ್ಕೆ ಇಳಿದಿತ್ತು. ಶಿಕ್ಷಣ ಉಚಿತವಾದರೆ ಸಾಕೇ? ಉಚಿತವಾದ ತರಗತಿಯಲ್ಲಿ ಹುಡುಗಿ ಹೆದರಿಕೊಂಡು ಕೂರಬೇಕಾದರೆ ಅದು ಅವಳಿಗೆ ತೆರೆದಿದೆ ಎನ್ನಬಹುದೇ? ದೂರು ಎಲ್ಲಿ ಕೊಡಬೇಕು, ಎಷ್ಟು ದಿನದೊಳಗೆ ವಿಚಾರಣೆ ಆಗಬೇಕು, ಪಠ್ಯದಲ್ಲಿ ಹೆಣ್ಣು ಎಲ್ಲಿದ್ದಾಳೆ ಎಂದೆಲ್ಲ ಕೇಳಿದರು. ಪ್ರಶ್ನೆ ಪ್ರಾಧ್ಯಾಪಕರಿಗಷ್ಟೇ ಅಲ್ಲದೆ, ಬೀದಿಯಲ್ಲಿ ಜೊತೆಗೆ ಘೋಷಣೆ ಕೂಗಿದ ಸಹಪಾಠಿಗಳಿಗೂ ಇತ್ತು. 2021ರಲ್ಲಿ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಲೈಂಗಿಕ ಕಿರುಕುಳ ತಡೆಗೆ ಪ್ರತ್ಯೇಕ ಕಾನೂನೇ ಬಂತು.

ಹಾಗಾದರೆ ಗೆದ್ದದ್ದೇನು?

ಲೆಕ್ಕ ಹಾಕಿ ನೋಡೋಣ. ಶಿಕ್ಷಣ ಸಾಲದ ಬಡ್ಡಿ 2012ರಲ್ಲಿ ಶೇ 2ಕ್ಕೆ ಇಳಿಯಿತು. 2015ರ ಕಾನೂನು, ಸರ್ಕಾರದ ಹಣ ಪಡೆಯುವ ಶಾಲೆಗಳಲ್ಲಿ ಲಾಭಕ್ಕೂ, ಪೋಷಕರಿಂದ ಫೀಸು ವಸೂಲಿಗೂ, ಮಕ್ಕಳನ್ನು ಆರಿಸಿ ತೆಗೆದುಕೊಳ್ಳುವುದಕ್ಕೂ ಹಂತ ಹಂತವಾಗಿ ಕೊನೆ ಹಾಡಲು ಹೊರಟಿತು. 2016ರಿಂದ ದೇಶದ ಕೆಳ ಆದಾಯದ ಶೇ 50ರಷ್ಟು ಕುಟುಂಬಗಳ ಮಕ್ಕಳಿಗೆ ಯೋಜನೆಗೆ ಸೇರಿದ ವಿಶ್ವವಿದ್ಯಾಲಯಗಳಲ್ಲಿ ಉಚಿತ ಶಿಕ್ಷಣ, 2018ರಿಂದ ಅದು ಶೇ 60. ಪುರಸಭೆಗಳಿಂದ ಸರ್ಕಾರಿ ಶಾಲೆಗಳನ್ನು ಹಿಂದಕ್ಕೆ ಪಡೆಯುವ ಕಾನೂನು 2017ರಲ್ಲಿ ಬಂತು.

ಕೇಳಿದ್ದು ಎಲ್ಲರಿಗೂ ಉಚಿತ ಶಿಕ್ಷಣ, ಸಿಕ್ಕಿದ್ದು ಶೇ 60ಕ್ಕೆ. ಹಳೆಯ ಸಾಲಗಾರರ ಹೊರೆ ಹಾಗೇ ಉಳಿಯಿತು. ಲೋಟಾದ ಸೋರುವ ಮಾಡಿನಿಂದ ಇಲ್ಲಿಗೆ ಬರಲು ಹನ್ನೆರಡು ವರ್ಷ ಬೇಕಾಯಿತು. ಮೊದಲು ಬೀದಿಗಿಳಿದ ಹುಡುಗಿಯರಲ್ಲಿ ಬಹುಪಾಲು ಮಂದಿಗೆ ಅದರ ಲಾಭ ಸಿಗಲಿಲ್ಲ. ಅದು ಸಿಕ್ಕಿದ್ದು ಅವರ ತಂಗಿಯರಿಗೆ. 2006ರ ವಕ್ತಾರೆ ಕರೀನಾ ದೆಲ್ಫೀನೊ 2021ರಲ್ಲಿ ಕಿಂಟಾ ನಾರ್ಮಲ್ ಎಂಬಲ್ಲಿನ ಮೇಯರ್ ಆದರು. ಕನ್ಸೆಪ್ಸಿಯೊನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ನಾಯಕಿಯಾಗಿದ್ದ ಕರೋಲ್ ಕಾರಿಯೋಲಾ 2024ರಲ್ಲಿ ಸಂಸತ್ತಿನ ಕೆಳಮನೆಯ ಅಧ್ಯಕ್ಷೆಯಾದರು. ಅಧಿಕಾರಕ್ಕೆ ಬಂದ ಮೇಲೆ ಅವರೆಲ್ಲರ ಬಗ್ಗೆಯೂ ಟೀಕೆಗಳಿವೆ, ಇರಲೇಬೇಕು. ಪ್ರಶ್ನೆ ಕೇಳಿ ಬೆಳೆದವರು ಪ್ರಶ್ನೆಗೆ ಉತ್ತರಿಸುವುದನ್ನೂ ಕಲಿಯಬೇಕಲ್ಲ.

ನಮ್ಮಲ್ಲಿ ಪ್ರತಿ ವರ್ಷ ಪಿಯುಸಿ ಫಲಿತಾಂಶದ ದಿನ ‘ಬಾಲಕಿಯರೇ ಮೇಲುಗೈ’ ಎಂಬ ಸುದ್ದಿ ಓದುತ್ತೇವೆ. ಆ ಮೇಲುಗೈ ಅಂಕಪಟ್ಟಿಯಿಂದ ಇಳಿದು ಮನವಿ ಪತ್ರದವರೆಗೆ ಬಂದರೆ ಸಾಕು, ಮೈಕ್ ತಾನಾಗಿ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದನ್ನು ಕೇಳಿ ಪಡೆಯಬೇಕು.

ನಾಳೆಯೇ ಶಾಲೆ ಹಿಡಿದು ಕೂರಬೇಕು ಎಂದು ನಾನು ಹೇಳುತ್ತಿಲ್ಲ ಗೆಳತಿಯರೇ. ವಿದ್ಯಾರ್ಥಿವೇತನ ಯಾಕೆ ತಡವಾಯಿತು, ಹಾಸ್ಟೆಲ್ ಸೀಟು ಎಷ್ಟಿವೆ, ಖಾಲಿ ಹುದ್ದೆ ಎಷ್ಟು, ಅರ್ಜಿ ಶುಲ್ಕ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗಳು ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ದಿನಾ ಓಡಾಡುತ್ತವೆ. ಅವುಗಳಲ್ಲಿ ಒಂದನ್ನು ಹಿಡಿದು ಅದರ ಹಿಂದಿನ ಆದೇಶ ಯಾವುದು, ನಿಯಮ ಯಾವುದು ಎಂದು ಹುಡುಕಿ ಓದಿ. ನಾಲ್ಕು ಜನರಿಗೆ ತಿಳಿಯುವ ಹಾಗೆ ಬರೆಯಿರಿ. ಸಹಿ ಹಾಕಿಸಿ. ಕೊನೆಗೆ ಕಚೇರಿಯ ಬಾಗಿಲಲ್ಲಿ ‘ಯಾರು ಮಾತಾಡ್ತೀರಿ?’ ಎಂದು ಕೇಳಿದಾಗ ಪಕ್ಕದವರ ಮುಖ ನೋಡಬೇಡಿ.